ಆರಾಮ್ರಿ

ಚಾರ್ಟಿನ ಏಳನೆಯ ಮನೆಯಲ್ಲೂ ರೈಟು ಗುರುತು ಬಿದ್ದಿತ್ತು. ನಿನ್ನೆಯದರಲ್ಲಿ, ಮೊನ್ನೆಯದರಲ್ಲಿ, ಹಿಂದಕ್ಕೆ ಹೋದಷ್ಟೂ ಎಲ್ಲದರಲ್ಲಿ. ರಂಜನಾ ಚಾರ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂದೇ ಪೆನ್ನಿನಿಂದ ಒಂದೇ ಸಲಕ್ಕೆ ಹಾಕಿದ ರೈಟುಗಳು.

"ಯವ್ವಾ, ಇದನ್ನ ಯಾಕ ತುಂಬಿದಿ?"

"ಖಾಲಿ ಇತ್ತಲ್ಲ." ಫಕ್ಕೀರವ್ವ ಒಲೆಯ ಮುಂದಿನಿಂದ ಏಳಲಿಲ್ಲ. "ಖಾಲಿ ಮನಿ ಬಿಡಬಾರದವಾ. ನೋಡಾಕ ಚಂದ ಕಾಣಂಗಿಲ್ಲ."

ಚಾರ್ಟು ಕೊಟ್ಟವರು ಶಿಗ್ಗಾಂವಿಯ ಡಾಕ್ಟರ್ ಮಾಲಾ. ಹೆರಿಗೆಯಾದ ಮೇಲೆ ಮನಸ್ಸು ಕುಸಿದ ಹೆಂಗಸರಿಗೆಂದು ಅವರೇ ಅಚ್ಚು ಹಾಕಿಸಿದ್ದು. ದಿನಕ್ಕೊಂದು ಸಾಲು, ಸಾಲಿಗೆ ಏಳು ಮನೆ. ಕಬ್ಬಿಣದ ಮಾತ್ರೆಯಿಂದ ಶುರುವಾಗಿ ಸೊಪ್ಪು, ಮೊಳಕೆ ಕಾಳು, ಹಾಲು ಎಂದು ನಾಲ್ಕು ಮನೆ ಅಡುಗೆಮನೆಯಲ್ಲೇ ಮುಗಿಯುತ್ತಿದ್ದವು. ಐದನೆಯದು ಬೆಳಗಿನ ಬಿಸಿಲಿನಲ್ಲಿ ಇಪ್ಪತ್ತು ನಿಮಿಷ ನಡಿಗೆ, ಆರನೆಯದು ನಿದ್ದೆ. ಏಳನೆಯದರ ಮೇಲೆ ಮಾತ್ರ ಒಂದು ಪ್ರಶ್ನೆ ಇತ್ತು: ಇವತ್ತು ಮನಸ್ಸಿನ ಮಾತನ್ನು ಯಾರ ಹತ್ತಿರವಾದರೂ ಹೇಳಿದಿರಾ?

ಎರಡು ತಿಂಗಳಿಂದ ರಂಜನಾ ಆ ಒಂದು ಮನೆಯನ್ನು ಖಾಲಿ ಬಿಟ್ಟುಕೊಂಡು ಬಂದಿದ್ದಳು. ಅದನ್ನು ನೋಡಿಯಾದರೂ ಡಾಕ್ಟರು ಕೇಳಬಹುದು, ಕೇಳಿದರೆ ಹೇಳಬಹುದು ಎಂಬ ಆಸೆ ಇತ್ತು. ನಾಲ್ಕನೆಯ ಇಯತ್ತೆ ಓದಿದ ಅವ್ವ ಬೆಳಗಾಗುವುದರೊಳಗೆ ಮಗಳಿಗೆ ನೂರಕ್ಕೆ ನೂರು ಕೊಟ್ಟುಬಿಟ್ಟಿದ್ದಳು.

ತಪ್ಪು ಅವ್ವನದಲ್ಲ. ಶಿಗ್ಗಾಂವಿಯ ಕಾಲೇಜಿನಲ್ಲಿ ರಂಜನಾ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಪ್ರಯೋಗ ಮಾಡದೆ ರೀಡಿಂಗು ಬರೆದುಕೊಂಡು ಬರುವ ಹುಡುಗರ ಜರ್ನಲ್ಲಿಗೆ ಅವಳೂ ಕಣ್ಣು ಮುಚ್ಚಿ ಸಹಿ ಹಾಕಿದ್ದುಂಟು. ಉತ್ತರ ಸರಿ ಬಂದರೆ ಸಾಕು, ಬರ್ನರ್ ಹೊತ್ತಿತ್ತೋ ಇಲ್ಲವೋ ಯಾರಿಗೆ ಬೇಕು.

ಇವತ್ತು ಹನ್ನೊಂದು ಗಂಟೆಗೆ ಡಾಕ್ಟರರ ಹತ್ತಿರ ಹೋಗಬೇಕು. ಎರಡು ತಿಂಗಳ ಹಿಂದೆ ಅವರು ಹೇಳಿದ್ದರು: ಮೊದಲು ರಕ್ತ ಏರಲಿ, ನಿದ್ದೆ ಬರಲಿ, ಆಮೇಲೂ ಮನಸ್ಸು ಏಳದಿದ್ದರೆ ಹುಬ್ಬಳ್ಳಿಯಲ್ಲಿ ಮನಸ್ಸಿನ ಡಾಕ್ಟರಿದ್ದಾರೆ, ಚೀಟಿ ಕೊಡುತ್ತೇನೆ. ಆ ಚೀಟಿ ರಂಜನಾಗೆ ಬೇಕಾಗಿತ್ತು. ಚೀಟಿ ಸಿಗದಿದ್ದರೆ ಸೋಮವಾರ ಗಂಡ ಬಂದು ಅವಳನ್ನೂ ಕೂಸನ್ನೂ ಹಂಸಭಾವಿಗೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಬೆಳಗಿನ ಒಂಬತ್ತರಿಂದ ಸಂಜೆ ಆರರವರೆಗೆ ಮೂರು ಕೋಣೆಯ ಮನೆಯಲ್ಲಿ ಅವಳು ಮತ್ತು ಕೂಸು, ಇಬ್ಬರೇ. ಅವಳಿಗೆ ಅದರ ಭಯ. ಕೂಸಿನ ಭಯವಲ್ಲ, ತನ್ನದೇ.

ಹತ್ತಿಮತ್ತೂರಿನ ಈ ತವರುಮನೆಯಲ್ಲಿ ಅವಳ ರೋಗದ ಹೆಸರು ರಕ್ತ. ಹೆರಿಗೆಯಾದ ಎರಡನೆಯ ತಿಂಗಳಲ್ಲಿ ಅವಳು ಮೂರು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದಾಗ, ನೋಡಲು ಬಂದ ಹೆಂಗಸರ ಬಾಯಲ್ಲಿ ಸನ್ನಿ ಎಂಬ ಮಾತು ಸುಳಿಯಿತು. ಬಾಣಂತಿ ಸನ್ನಿ. ಫಕ್ಕೀರವ್ವ ಆ ಮಾತನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಸನ್ನಿಯೂ ಇಲ್ಲ ಗಿನ್ನಿಯೂ ಇಲ್ಲ, ರಕ್ತ ಕಡಿಮೆಯಾಗಿದೆ ಅಷ್ಟೇ ಎಂದು ಬಾಗಿಲಲ್ಲೇ ಹೇಳಿ ಕಳಿಸಿದಳು. ಪರೀಕ್ಷೆ ಮಾಡಿಸಿದರೆ ರಕ್ತ ನಿಜಕ್ಕೂ ಕಡಿಮೆ ಬಂತು, ಏಳೂವರೆ. ಮನೆಗೆ ಮನೆಯೇ ನಿರಾಳವಾಗಿ ಉಸಿರು ಬಿಟ್ಟಿತು. ಅಪ್ಪ ಪರಮೇಶ್ವರಪ್ಪ ಸಂತೆಯಿಂದ ಉತ್ತತ್ತಿ, ಕೊಬ್ಬರಿ, ಅಂಟು ಹೊತ್ತು ತಂದ. ಹೆರಿಗೆಯಾದ ಈ ಐದು ತಿಂಗಳಲ್ಲಿ ಮಗಳೊಂದಿಗೆ ಅವನು ಆಡಿದ ಮಾತು ಒಂದೇ, ಉಂಡಿಯೇನವಾ ಎಂದು.

ಉಂಡಿದ್ದಳು. ಅಂಟಿನ ಉಂಡೆ, ಅಳವಿ ಪಾಯಸ, ರೊಟ್ಟಿಗೆ ರಾಜಗಿರಿ ಪಲ್ಯ, ಅಗಸಿ ಹಿಂಡಿ. ಯಾವುದರಲ್ಲಿ ಏನಿದೆ, ಅದು ರಕ್ತದಲ್ಲಿ ಹೋಗಿ ಏನಾಗುತ್ತದೆ ಎಂದು ಸೂತ್ರ ಸಮೇತ ಬರೆಯಬಲ್ಲಳು. ಮೊಳಕೆ ಕಾಳಿಗೆ ಲಿಂಬೆ ಹಿಂಡಬೇಕೆಂದು ಚಾರ್ಟಿನಲ್ಲಿತ್ತು. ಬಾಣಂತಿಗೆ ಲಿಂಬೆ ನಂಜು ಎಂದು ಅವ್ವ ಹಟ ಹಿಡಿದಳು. ಕೊನೆಗೆ ಅರ್ಧ ಲಿಂಬೆಗೆ ರಾಜಿಯಾಯಿತು. ದೇಹ ತನಗೆ ಸಲ್ಲಬೇಕಾದ್ದನ್ನೆಲ್ಲ ಪ್ರಾಮಾಣಿಕವಾಗಿ ತೆಗೆದುಕೊಂಡಿತು. ತಲೆ ತಿರುಗುವುದು ನಿಂತಿತು. ರಾತ್ರಿ ನಿದ್ದೆ ಬಂತು. ಅಳುವುದೂ ನಿಂತಿತು. ಅಳು ನಿಂತದ್ದನ್ನು ಎಲ್ಲರೂ ಗುಣವೆಂದು ತಿಳಿದರು. ಅಳುವಷ್ಟಾದರೂ ಒಳಗೆ ಏನೋ ಇತ್ತು ಆಗ, ಈಗ ಅದೂ ಇಲ್ಲ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಎಂಟಕ್ಕೆ ಗಂಡನ ಫೋನು ಬಂತು. ಶರಣು ಹಂಸಭಾವಿಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ.

"ಆರಾಮ?"

"ಆರಾಮ. ನೀವು?"

"ಆರಾಮ."

ಅಲ್ಲಿಗೆ ಮಾತು ಮುಗಿದು ವ್ಯವಸ್ಥೆ ಶುರುವಾಯಿತು. ಮನೆಗೆ ಬಣ್ಣ ಬಳಿಸಿದ್ದಾನಂತೆ. ತೊಟ್ಟಿಲಿಗೆಂದು ಜಂತಿಗೆ ಹೊಸ ಕೊಂಡಿ ಹಾಕಿಸಿದ್ದಾನಂತೆ. ಡಾಕ್ಟರು ಒಂದು ಮಾತು ಹೂಂ ಅಂದರೆ ಸೋಮವಾರ ಹತ್ತಕ್ಕೆಲ್ಲ ಕಾರು ತೆಗೆದುಕೊಂಡು ಬರುತ್ತಾನೆ, ಸೋಮವಾರ ಒಳ್ಳೆಯದು. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಲ್ಲವನ್ನೂ ಅವನ ಮೇಲೆ ಹಾಕಿಬಿಡಬಹುದಿತ್ತು.

ಈ ಸೀಮೆಯಲ್ಲಿ ಆರಾಮವೇ ಎಂದು ಕೇಳಿದರೆ ಉತ್ತರ ಒಂದೇ. ಹಾಸಿಗೆ ಹಿಡಿದ ಮುದುಕನೂ ಮೊದಲು ಆರಾಮ್ರಿ ಅನ್ನುತ್ತಾನೆ. ಮೊಣಕಾಲ ನೋವು, ಎದೆಯ ಉಬ್ಬಸ, ನಿನ್ನೆ ರಾತ್ರಿ ಜೀವ ಹೋಗಿ ಬಂದದ್ದು, ಎಲ್ಲ ಬರುವುದು ಎರಡನೆಯ ವಾಕ್ಯದಲ್ಲಿ. ಕೇಳಿದವರೂ ಆ ಎರಡನೆಯ ವಾಕ್ಯಕ್ಕಾಗಿ ನಿಲ್ಲುತ್ತಾರೆ. ರಂಜನಾಗೆ ಮೊದಲನೆಯದು ತಾನಾಗಿ ಬರುತ್ತಿತ್ತು. ಎರಡನೆಯದು ಬರುತ್ತಿರಲಿಲ್ಲ.

ಫೋನಿಟ್ಟ ಮೇಲೆ ಅವಳು ಐದನೆಯ ಮನೆಯನ್ನು ನಡೆಯಲು ಹಿತ್ತಲಿಗೆ ಹೋದಳು. ಬೀದಿಯಲ್ಲಿ ನಡೆಯಲು ಅವ್ವ ಬಿಟ್ಟಿರಲಿಲ್ಲ. ಬಾಣಂತಿಗೆ ಗಾಳಿ ಬಡಿಯುತ್ತದೆ, ಜನರ ಕಣ್ಣೂ ಬಡಿಯುತ್ತದೆ. ಆದ್ದರಿಂದ ಕಿವಿಗೆ ಸ್ಕಾರ್ಫು ಕಟ್ಟಿಕೊಂಡು ಬೇವಿನ ಗಿಡದಿಂದ ತಿಪ್ಪೆಯವರೆಗೆ, ತಿಪ್ಪೆಯಿಂದ ಬೇವಿನ ಗಿಡದವರೆಗೆ. ಬಿಸಿಲು ಬೆನ್ನಿಗೆ ಹಿತವಾಗಿತ್ತು. ಹಿತವಾಗಿದೆ ಎಂಬುದು ಅವಳಿಗೆ ತಿಳಿಯುತ್ತಲೂ ಇತ್ತು. ಬೇರೆಯವರ ಬೆನ್ನಿನ ಬಗ್ಗೆ ಯಾರೋ ಹೇಳಿದ ಹಾಗೆ.

ನಡೆಯುತ್ತ ಅವಳು ಡಾಕ್ಟರರಿಗೆ ಹೇಳಬೇಕಾದ ಮಾತನ್ನು ಕಟ್ಟಿದಳು. ಇಂಗ್ಲಿಷಿನಲ್ಲಿ ಅದು ಸಲೀಸಾಗಿ ಬರುತ್ತಿತ್ತು, ಆದರೆ ಇಂಗ್ಲಿಷಿನಲ್ಲಿ ಹೇಳಿದರೆ ಪುಸ್ತಕದ ಮಾತಾಗುತ್ತದೆ. ಕನ್ನಡದಲ್ಲಿ ಹುಡುಕಿದಳು. ತಾಯಿಗೆ ಮಗುವಿನ ಮೇಲಿರುವುದಕ್ಕೆ ಇಲ್ಲಿಯ ಜನ ಪ್ರೀತಿ ಅನ್ನುವುದಿಲ್ಲ, ಜೀವ ಅನ್ನುತ್ತಾರೆ. ಹಾಗಾದರೆ ವಾಕ್ಯ ಸಿಕ್ಕಿತು: ನನಗ ಕೂಸಿನ ಮ್ಯಾಲ ಜೀವ ಬರವಲ್ದು. ತಿಪ್ಪೆಯ ಹತ್ತಿರ ಒಮ್ಮೆ, ಬೇವಿನ ಹತ್ತಿರ ಒಮ್ಮೆ ತುಟಿ ಅಲ್ಲಾಡಿಸಿ ಹೇಳಿಕೊಂಡಳು. ಐದೇ ಮಾತು.

ಅದರ ಹಿಂದೆ ಇನ್ನೊಂದಿತ್ತು, ಅದಕ್ಕೆ ವಾಕ್ಯವೇ ಇರಲಿಲ್ಲ. ಎರಡನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಅವ್ವ ಹೊಲಕ್ಕೆ ಬುತ್ತಿ ಒಯ್ದಿದ್ದಳು. ಕೂಸು ತೊಟ್ಟಿಲಲ್ಲಿ ಎದ್ದು ಅಳತೊಡಗಿತು. ರಂಜನಾ ಎದುರಿನ ಕುರ್ಚಿಯಲ್ಲಿ ಕೂತಿದ್ದಳು. ಎರಡು ಮಾರು ದೂರ. ಬಾಜೂ ಮನೆಯ ಕೂಸು ಅಳುತ್ತಿದೆ, ಅದರ ತಾಯಿ ಎಲ್ಲಿ ಹೋದಳೋ ಅನ್ನಿಸುತ್ತಿತ್ತೇ ಹೊರತು ಏಳಬೇಕೆನಿಸಲಿಲ್ಲ. ಗೋಡೆಯ ಗಡಿಯಾರ ನೋಡುತ್ತ ಕೂತಳು. ಒಂದು ತಾಸು ಹತ್ತು ನಿಮಿಷ. ಕೊನೆಗೆ ಕೂಸೇ ಸೋತು ನಿದ್ದೆ ಹೋಯಿತು. ಆಗ ಅವ್ವ ಬಂದು ತೊಟ್ಟಿಲಿಗೆ ಇಣುಕಿ, ಕೂಸು ಬಲು ಶಾಣ್ಯಾ ಐತಿ, ಅಳದ ಮಲಗೇತಿ ಅಂದಳು. ರಂಜನಾ ಹೂಂ ಅಂದಳು.

ಆಮೇಲಿನಿಂದ ಮಗಳಿಗೆ ನಿದ್ದೆಯಾಗಲಿ ಎಂದು ಫಕ್ಕೀರವ್ವ ಕೂಸನ್ನು ತನ್ನ ಪಕ್ಕದಲ್ಲೇ ಮಲಗಿಸಿಕೊಂಡಳು. ಹಾಲಿನ ಹೊತ್ತಿಗೆ ತಂದು ಮಡಿಲಲ್ಲಿಟ್ಟು, ಕುಡಿದಾದ ಮೇಲೆ ಎತ್ತಿಕೊಂಡು ಹೋಗುತ್ತಿದ್ದಳು. ಸಾಹೇಬರ ಮೇಜಿಗೆ ಫೈಲು ಬಂದು ಸಹಿಯಾಗಿ ಹೋಗುವ ಹಾಗೆ. ಹೆಸರಿಡುವ ದಿನ ನಾದಿನಿ ಕೂಸಿನ ಕಿವಿಯಲ್ಲಿ ಶಾಂಭವಿ ಎಂದು ಕೂಗಿದ್ದಳು. ರಂಜನಾಳ ಬಾಯಿಂದ ಆ ಹೆಸರು ಇನ್ನೂ ಬಂದಿರಲಿಲ್ಲ. ಅದನ್ನು ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ, ಎಲ್ಲರೂ ಕೂಸು ಎಂದೇ ಕರೆಯುತ್ತಿದ್ದರಲ್ಲ.

"ಆರಾಮ ಅದಿಯೇನ ರಂಜನಾ?" ಬಾಜೂ ಮನೆಯ ಸುಶೀಲವ್ವ ಹಿತ್ತಲ ಗೋಡೆಯ ಮೇಲಿಂದ ಕೇಳಿದಳು.

"ಆರಾಮ್ರಿ," ಅಂದಳು ರಂಜನಾ. ಮೈ ತುಂಬಿದೆ, ಕೆನ್ನೆಗೆ ಕಳೆ ಬಂದಿದೆ ಎಂದು ಸುಶೀಲವ್ವ ಹೊಗಳಿ, ದೃಷ್ಟಿಯಾಗದಿರಲಿ ಎಂದು ತಾನೇ ನೆಟಿಗೆ ಮುರಿದು ಒಳಗೆ ಹೋದಳು.

ಸವಣೂರಿನವರೆಗೆ ಊರಿನ ಕರೀಮಸಾಬನ ಟಂಟಂ ಆಟೋ. ಫಕ್ಕೀರವ್ವ ಕೂಸನ್ನು ಎರಡು ಟಾವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ರಂಜನಾಳ ಮಡಿಲಲ್ಲಿ ಫೈಲು, ಫೈಲಿನಲ್ಲಿ ರಕ್ತದ ರಿಪೋರ್ಟು ಮತ್ತು ಚಾರ್ಟು. ಕರೀಮಸಾಬ ಕನ್ನಡಿಯಲ್ಲಿ ನೋಡಿ ಅಕ್ಕಾರು ಆರಾಮ ಇದ್ದಾರೆಯೇ ಎಂದು ಕೇಳಿದ. ಅವಳು ಉತ್ತರಿಸುವ ಮೊದಲೇ ಅವ್ವ ಉತ್ತರಿಸಿದಳು, ಈಗ ಬೇಷ್ ಆಗಿದ್ದಾಳೆ ಎಂದು. ಸವಣೂರಿನಲ್ಲಿ ಬಸ್ಸು ಹಿಡಿದರು. ಹೆಂಗಸರಿಗೆ ಟಿಕೆಟ್ ಇಲ್ಲದಂದಿನಿಂದ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಾಣಂತಿ ಎಂದು ಯಾರೋ ಎದ್ದು ಸೀಟು ಬಿಟ್ಟರು. ಅದರಲ್ಲಿ ಕೂಸನ್ನು ಎತ್ತಿಕೊಂಡಿದ್ದ ಅವ್ವ ಕೂತಳು. ರಂಜನಾ ಕಂಬಿ ಹಿಡಿದು ನಿಂತು ಐದು ಮಾತಿನ ಆ ವಾಕ್ಯವನ್ನು ಶಿಗ್ಗಾಂವಿಯವರೆಗೆ ಹಾಳಾಗದಂತೆ ಕಾಪಾಡಿಕೊಂಡು ಬಂದಳು.

ದವಾಖಾನೆಯಲ್ಲಿ ಇಪ್ಪತ್ತು ಜನ ಕಾಯುತ್ತಿದ್ದರು. ಕೂಸಿನ ತೂಕ ಮಾಡಿಸಲು ಫಕ್ಕೀರವ್ವ ಆಚೆ ಕೋಣೆಗೆ ಹೋದಳು. ರಂಜನಾ ಕೂತ ಬೆಂಚಿನ ತುದಿಗೆ ಬುರ್ಖಾ ತೊಟ್ಟ ಹುಡುಗಿಯೊಬ್ಬಳು ಕೂತಿದ್ದಳು. ಇಪ್ಪತ್ತೆರಡು ವರ್ಷವಿರಬಹುದು. ಅವಳ ತೊಡೆಯ ಮೇಲೂ ಅದೇ ಚಾರ್ಟು.

ಹುಡುಗಿ ಸರಿದು ಹತ್ತಿರ ಬಂದಳು. ಹೆಸರು ಮದಿಹಾ, ಸವಣೂರಿನವಳು, ಮಗನಿಗೆ ನಾಲ್ಕು ತಿಂಗಳು, ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಾಳೆ. ಇಷ್ಟನ್ನು ಒಂದೇ ಉಸಿರಿಗೆ ಹೇಳಿ ತನ್ನ ಚಾರ್ಟಿನ ಕೊನೆಯ ಮನೆಯ ಮೇಲೆ ಬೆರಳಿಟ್ಟಳು.

"ಇದರಾಗ ನೀವು ಏನ್ ಹಾಕೀರಿ?"

ರಂಜನಾ ಫೈಲನ್ನು ಮಗುಚಿ ಇಟ್ಟಳು. ಮದಿಹಾಳ ಏಳನೆಯ ಮನೆಗಳಲ್ಲಿ ರೈಟೂ ಇರಲಿಲ್ಲ, ಖಾಲಿಯೂ ಇರಲಿಲ್ಲ. ಪ್ರತಿಯೊಂದರಲ್ಲೂ ಸಣ್ಣ ಅಕ್ಷರದಲ್ಲಿ 'ಇಲ್ಲ' ಎಂದು ಬರೆದಿತ್ತು. ಅರವತ್ತು ಇಲ್ಲಗಳು, ಒಂದರ ಕೆಳಗೊಂದು.

"ಮನ್ಯಾಗ ಹನ್ನೊಂದ ಮಂದಿ ಅದೇವ್ರಿ. ಮಾತಾಡಾಕ ಯಾರೂ ಇಲ್ಲ. ಸುಳ್ಳ ಯಾಕ ಬರೀಲಿ?" ಆಮೇಲೆ ಹೊರಗೆ ಬಿಸಿಲಿದೆ ಅನ್ನುವಷ್ಟು ಸಹಜವಾಗಿ ಅಂದಳು: "ನನಗ ಆರಾಮ ಇಲ್ರಿ."

ರಂಜನಾ ಅವಳ ಮುಖ ನೋಡಿದಳು. ಮುಖದಲ್ಲಿ ಏನೂ ಆಗಿರಲಿಲ್ಲ. ಮಾತು ಹೊರಗೆ ಬಂದಿತ್ತು, ಚಾವಣಿ ಕಳಚಿ ಬಿದ್ದಿರಲಿಲ್ಲ, ಎದುರಿಗೆ ಕೂತ ಮುದುಕ ಬೀಡಿ ಕಟ್ಟನ್ನು ಹುಡುಕಿಕೊಳ್ಳುತ್ತಿದ್ದ. ಇಷ್ಟು ಸುಲಭವೇ ಇದು. ಎಂ.ಎಸ್ಸಿ. ಓದಿದವಳು ಐದು ತಿಂಗಳಿಂದ ಕಟ್ಟುತ್ತಿರುವುದನ್ನು ಈ ಹುಡುಗಿ ಮೂರು ಮಾತಿನಲ್ಲಿ ಮುಗಿಸಿದ್ದಳು. ಅವಳ ಕೈ ಹಿಡಿಯಬೇಕು ಅನ್ನಿಸಿತು. ಬಹಳ ದಿನದ ಮೇಲೆ ಏನಾದರೂ ಅನ್ನಿಸಿದ್ದು ಅದೇ.

"ನನಗೂ," ಅಂದಳು ರಂಜನಾ.

"ರಂಜನಾ ಶರಣು," ಎಂದು ನರ್ಸು ಬಾಗಿಲಲ್ಲಿ ಕೂಗಿದಳು.

"ಏನ್ರಿ?" ಮದಿಹಾ ಕಿವಿ ಮುಂದೆ ತಂದಳು.

"ಏನಿಲ್ಲ. ಬರ್ತೇನಿ."

ಡಾಕ್ಟರ್ ಮಾಲಾ ಒಳ್ಳೆಯವರು. ಐವತ್ತರ ಹತ್ತಿರ, ಹಾವೇರಿ ಕಡೆಯವರು, ಪೇಶಂಟಿನ ಮುಖ ನೋಡಿ ಮಾತಾಡುವವರು. ರಿಪೋರ್ಟು ಬಿಡಿಸಿ ಖುಷಿಪಟ್ಟರು. ರಕ್ತ ಏಳೂವರೆಯಿಂದ ಹನ್ನೊಂದೂವರೆಗೆ ಏರಿತ್ತು. ಥೈರಾಯಿಡ್ ಸರಿಯಾಗಿತ್ತು. ಕೂಸು ಆರೂವರೆ ಕಿಲೋ ತೂಗಿತ್ತು. ಚಾರ್ಟಿನ ಮೇಲಿಂದ ಕೆಳಕ್ಕೆ ಅವರ ಬೆರಳು ಇಳಿಯಿತು, ಏಳನೆಯ ಮನೆಗಳ ಮೇಲೆ ಒಂದು ಕ್ಷಣ ನಿಧಾನವಾಯಿತು, ಅಲ್ಲಿಯೂ ರೈಟುಗಳನ್ನು ಕಂಡು ಮುಂದೆ ಹೋಯಿತು. ಕೂಸಿನ ತೂಕ ಮುಗಿಸಿ ಬಂದು ಪಕ್ಕದಲ್ಲಿ ಕೂತಿದ್ದ ಫಕ್ಕೀರವ್ವ ಶಾಲೆಯ ಹುಡುಗಿಯ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡಳು.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮತ್ತ, ಹೆಂಗದೀರಿ ರಂಜನಾ? ಆರಾಮ?"

"ಆರಾಮ್ರಿ."

ಅಂದದ್ದು ಬಾಯಿ. ಅವಳು ಅದನ್ನು ಕೇಳಿಸಿಕೊಂಡಳು. ಪರವಾಗಿಲ್ಲ, ಅದು ಮೊದಲನೆಯ ವಾಕ್ಯ ಮಾತ್ರ. ಡಾಕ್ಟರೂ ಈ ಸೀಮೆಯವರೇ. ಪೆನ್ನು ಎತ್ತಿದವರು ಬರೆಯಲಿಲ್ಲ. ಎರಡನೆಯದಕ್ಕೆ ಕಾದರು. ಇನ್ನೇನಾದರೂ ಹೇಳುವುದಿದೆಯೇ ಎಂದೂ ಕೇಳಿದರು. ಅವ್ವನ ಕೈ ಮಗಳ ಬೆನ್ನ ಮೇಲೆ ಬಂತು, ಹೇಳು ಅನ್ನಲೋ ಬೇಡ ಅನ್ನಲೋ ತಿಳಿಯದ ಹಾಗೆ. ಕೂಸು ಅವ್ವನ ಹೆಗಲ ಮೇಲಿಂದ ರಂಜನಾಳನ್ನೇ ನೋಡುತ್ತಿತ್ತು. ನನಗ ಕೂಸಿನ ಮ್ಯಾಲ. ಅಷ್ಟು ಬಾಯಿಯ ತನಕ ಬಂದಿತ್ತು. ಅದರ ಮುಂದಿನ ಮಾತನ್ನು ಆ ಕೂಸಿನ ಎದುರಿಗೇ ಆಡಬೇಕಾಗಿತ್ತು.

"ಕಬ್ಬಿಣದ ಮಾತ್ರಿ ತುಗೊಂಡ ಮ್ಯಾಲ ಚಾ ಕುಡದ್ರ ನಡೀತೈತೇನ್ರಿ?"

ಬಿ.ಎಸ್ಸಿ. ಎರಡನೆಯ ವರ್ಷದ ಹುಡುಗರಿಗೆ ಅವಳೇ ಕಲಿಸಿದ ಪಾಠ. ಚಹಾದಲ್ಲಿರುವುದು ಕಬ್ಬಿಣವನ್ನು ಕಟ್ಟಿಹಾಕುತ್ತದೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಡಾಕ್ಟರು ನಕ್ಕುಬಿಟ್ಟರು. ಕೆಮಿಸ್ಟ್ರಿ ಮೇಡಂ ಡಾಕ್ಟರಿಗೇ ಪರೀಕ್ಷೆ ಇಟ್ಟಿದ್ದಾರೆ ಎಂದು ಫಕ್ಕೀರವ್ವನಿಗೆ ಹೇಳಿದರು. ಇಷ್ಟು ವಿಚಾರ ಮಾಡುವಂತಾಗಿದ್ದಾರೆಂದರೆ ಚಿಂತೆಯಿಲ್ಲ. ಪೆನ್ನು ಕಾಗದಕ್ಕೆ ಇಳಿಯಿತು. ಮಾತ್ರೆ ಇನ್ನೂ ಮೂರು ತಿಂಗಳು, ಸೊಪ್ಪು ಕಾಳು ಬಿಡಬಾರದು, ಗಂಡನ ಮನೆಗೆ ಹೋಗಲು ಅಡ್ಡಿಯಿಲ್ಲ.

"ಹುಬ್ಬಳ್ಳಿ ಚೀಟಿ ಈಗ ಬ್ಯಾಡ. ಏನರ ಅನಿಸಿದ್ರ ನನಗ ಫೋನ್ ಮಾಡ್ರಿ, ಹಗಲಿರ್ಲಿ ರಾತ್ರಿ ಇರ್ಲಿ."

"ಹೂನ್ರಿ," ಅಂದಳು ರಂಜನಾ.

ಹೊರಗೆ ಬಂದು ಔಷಧಿಗಾಗಿ ಕೂತಾಗ ಫಕ್ಕೀರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒರೆಸಿಕೊಂಡಷ್ಟೂ ಬಂತು.

"ನಿಮ್ಮಪ್ಪನ ಮುಂದೂ ಹೇಳಿದ್ದಿಲ್ಲ. ಭಾಳ ಅಂಜಿದ್ದೆ ನಾನು. ನಿಮ್ಮ ಸಣ್ಣಮ್ಮ ಹಿಂಗ ಗ್ವಾಡಿಗೆ ಮಾರಿ ಮಾಡಿ ಮಲಗಿದಾಕಿ, ಏಳಲಿಲ್ಲ. ನಿನಗ ಅದು ಗೊತ್ತಿಲ್ಲ."

ರಂಜನಾಗೆ ಗೊತ್ತಿರಲಿಲ್ಲ. ಸಣ್ಣಮ್ಮ ಜ್ವರ ಬಂದು ಹೋದಳೆಂದೇ ಇಷ್ಟು ವರ್ಷ ಕೇಳಿದ್ದಳು. ಹಾಗಾದರೆ ಅವ್ವನಿಗೆ ರಕ್ತವಲ್ಲ ಎಂದು ಮೊದಲ ದಿನದಿಂದಲೇ ತಿಳಿದಿತ್ತು. ತಿಳಿದೂ ರಕ್ತ ಅಂದಿದ್ದಳು, ತಿಳಿದೇ ಅಷ್ಟು ಉಂಡೆ ಕಟ್ಟಿದ್ದಳು, ತಿಳಿದೇ ಮನೆಗಳನ್ನು ತುಂಬಿದ್ದಳು. ಅವ್ವನಿಗೇ ಹೇಳಬಹುದಿತ್ತಲ್ಲ ಎಂದು ರಂಜನಾಗೆ ಹೊಳೆಯಿತು. ಎರಡು ತಿಂಗಳ ಹಿಂದೆ ಹೇಳಬಹುದಿತ್ತು, ಇವತ್ತು ಬೆಳಿಗ್ಗೆ ಒಲೆಯ ಮುಂದೆ ಹೇಳಬಹುದಿತ್ತು. ಈಗ ಈ ಮುಖಕ್ಕೆ, ಐದು ತಿಂಗಳಲ್ಲಿ ಮೊದಲ ಸಲ ಹಗುರಾದ ಈ ಮುಖಕ್ಕೆ, ಹೇಗೆ ಹೇಳುವುದು.

"ನೀ ಎದ್ದಿ," ಅಂದಳು ಅವ್ವ. "ನಮ್ಮೂರ ದೇವಿ ದೊಡ್ಡಾಕಿ. ನೀ ಎದ್ದಿ."

ಡಾಕ್ಟರರ ಬಾಗಿಲು ಮುಚ್ಚಿಯೇ ಇತ್ತು. ಒಳಗೆ ಮದಿಹಾ ಹೋಗಿದ್ದಳು. ಐದು ನಿಮಿಷವಾಯಿತು, ಹದಿನೈದಾಯಿತು, ಕಾಯುತ್ತಿದ್ದವರು ಗೊಣಗತೊಡಗಿದರು. ನರ್ಸು ಒಮ್ಮೆ ನೀರಿನ ಲೋಟ ಹಿಡಿದುಕೊಂಡು ಒಳಗೆ ಹೋದಳು. ಆ ಮುಚ್ಚಿದ ಬಾಗಿಲನ್ನು ರಂಜನಾ ಹಸಿದವಳು ಊಟದ ಪಂಕ್ತಿಯನ್ನು ನೋಡುವ ಹಾಗೆ ನೋಡಿದಳು. ಫಕ್ಕೀರವ್ವನೂ ನೋಡಿ, ಪಾಪ, ಆ ಹುಡುಗಿಗೆ ಆರಾಮ ಇಲ್ಲವೆಂದು ಕಾಣುತ್ತದೆ ಅಂದಳು. ಔಷಧಿ ಬಂತು, ಇಬ್ಬರೂ ಎದ್ದರು.

ಶಿಗ್ಗಾಂವಿಯ ಬಸ್‌ಸ್ಟ್ಯಾಂಡಿಗೆ ಬಂದಾಗ ಮಧ್ಯಾಹ್ನ, ಕಾಲೇಜು ಬಿಟ್ಟಿತ್ತು. ಹುಡುಗಿಯರು, ಚೀಲ ಹೊತ್ತ ಹೆಂಗಸರು, ಕಟ್ಟೆಯ ತುಂಬ ಜನ. ಅವಳ ಕ್ಲಾಸಿನ ಹಿಂದಿನ ಸಾಲಿನ ಇಬ್ಬರು ಹುಡುಗಿಯರು ನಮಸ್ಕಾರ ಮೇಡಂ ಅಂದರು, ಆರಾಮವೇ ಎಂದು ಕೇಳಿದರು, ಉತ್ತರಕ್ಕೆ ಕಾಯದೆ ತಮ್ಮ ಬಸ್ಸಿಗೆ ಓಡಿದರು. ಸವಣೂರು ಬಸ್ಸು ಇನ್ನೂ ಬಂದಿರಲಿಲ್ಲ. ಫಕ್ಕೀರವ್ವನಿಗೆ ಎದುರಿನ ಅಂಗಡಿಯ ಪೇಢೆ ಕಾಣಿಸಿತು. ಓಣಿಗೆ ಬಾಯಿ ಸಿಹಿ ಮಾಡಬೇಕು, ಮೊದಲು ಸುಶೀಲವ್ವನಿಗೆ ಕೊಡಬೇಕು. ಹೊರಟವಳು ತಡೆದು ನಿಂತಳು. ಎರಡನೆಯ ತಿಂಗಳ ಆ ಮಧ್ಯಾಹ್ನದಿಂದೀಚೆಗೆ ಅವಳು ತಾಯಿ ಮಗಳನ್ನು ಇಬ್ಬರನ್ನೇ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಮಗಳ ಮುಖ ನೋಡಿದಳು. ಆಮೇಲೆ ನಕ್ಕು ಕೂಸನ್ನು ಅವಳ ಕೈಗೆ ಕೊಟ್ಟಳು.

"ಇಲ್ಲೇ ನಿಂದ್ರು. ಬಸ್ ಬಂದ್ರ ಸೀಟ ಹಿಡಿ."

ಕೂಸು ಭಾರವಾಗಿತ್ತು. ಆರೂವರೆ ಕಿಲೋ ಎಂದು ರಂಜನಾ ನೆನಪು ಮಾಡಿಕೊಂಡಳು. ಅದು ಅವಳ ಕೊರಳಿನ ಸರವನ್ನು ಹಿಡಿದು ಎಳೆಯಿತು, ಬಿಟ್ಟಿತು, ಮತ್ತೆ ಎಳೆಯಿತು. ಶಾಂಭವಿ, ಎಂದು ಅವಳು ಕರೆಯಲು ನೋಡಿದಳು. ಯಾರೂ ಕೇಳುವವರಿರಲಿಲ್ಲ, ಕರೆಯಬಹುದಿತ್ತು. ಹೈವೇಯಲ್ಲಿ ಲಾರಿಯೊಂದು ಉದ್ದಕ್ಕೆ ಹಾರ್ನ್ ಹಾಕುತ್ತ ಹೋಯಿತು. ಅದು ನಿಲ್ಲಲಿ, ಕರೆಯೋಣ ಎಂದು ಕಾದಳು. ಅಷ್ಟರಲ್ಲಿ ಬಸ್ಸು ಬಂತು.

ಜನ ಒಮ್ಮೆಲೆ ಮುಗಿಬಿದ್ದರು. ಕಿಟಕಿಗಳಿಂದ ಟಾವೆಲ್ಲು, ಚೀಲ, ಪುಸ್ತಕ ಒಳಗೆ ಬಿದ್ದವು. ಏನು ಬಿದ್ದರೂ ಆ ಸೀಟು ಎಸೆದವರದು. ರಂಜನಾ ತಳ್ಳಾಟದಲ್ಲಿ ಸರಿಯುತ್ತ ಬಸ್ಸಿನ ಬದಿಗೆ ಬಂದು ನಿಂತಳು. ಹೊಸ ಬಸ್ಸು, ಕಿಟಕಿಗೆ ಸರಳಿರಲಿಲ್ಲ. ಒಳಗೆ ಆಗಲೇ ಸೀಟು ಹಿಡಿದಿದ್ದ ಹೆಂಗಸೊಬ್ಬಳು, ಹಣೆ ತುಂಬ ವಿಭೂತಿಯವಳು, ಕೆಳಗೆ ಬಾಗಿ ಎರಡೂ ಕೈ ಚಾಚಿದಳು.

"ಗದ್ದಲದಾಗ ಕೂಸಿಗೆ ಬಡದೀತು. ಇಲ್ಲೆ ಕೊಡ್ರಿ, ನನ್ನ ಬಾಜೂ ಸೀಟ ಹಿಡದಿರ್ತೇನಿ."

ರಂಜನಾ ಕೂಸನ್ನು ಎರಡೂ ಕೈಯಲ್ಲಿ ಮೇಲೆತ್ತಿದಳು. ಒಳಗಿನ ಕೈಗಳು ಅದನ್ನು ತೆಗೆದುಕೊಂಡವು. ತೆಗೆದುಕೊಂಡ ಆ ಗಳಿಗೆಯಲ್ಲಿ ತನ್ನ ಮೈ ಪೂರ್ತಿ ಹಗುರಾದದ್ದು ಅವಳಿಗೆ ತಿಳಿಯಿತು. ಈ ಸಲ ಬೇರೆಯವರ ಮೈಯಲ್ಲ, ತನ್ನದೇ. ಗಾಳಿ ಬಂತು. ಬೆವರಿದ ತೋಳಿಗೆ ಅದು ತಂಪಾಗಿತ್ತು. ಅವಳು ಉಸಿರು ಬಿಟ್ಟಳು.

ಬಾಗಿಲಲ್ಲಿ ಗುಂಪು ಕರಗಿತು. ಕಂಡಕ್ಟರ್ ಸವಣೂರು ಸವಣೂರು ಎಂದು ಕೂಗಿ, ಹತ್ತುವವರು ಹತ್ತಿರಿ ಎಂದು ಅವಳ ಕಡೆಗೇ ನೋಡಿದ. ಎದುರಿನ ಅಂಗಡಿಯಲ್ಲಿ ಅವ್ವ ಬೆನ್ನು ತಿರುಗಿಸಿ ನಿಂತು ಪೇಢೆ ಕಟ್ಟಿಸುತ್ತಿದ್ದಳು. ಬಾಗಿಲು ಹತ್ತು ಹೆಜ್ಜೆ ದೂರವಿತ್ತು. ರಂಜನಾ ಅಲ್ಲಿಯೇ ನಿಂತಿದ್ದಳು. ಇಂಜಿನ್ನು ಶುರುವಾಗಿ ಬಸ್ಸು ಮೈ ನಡುಗಿಸಿತು.

ಕೂಸು ಅಳಲಿಲ್ಲ. ಹೊಸ ಮಡಿಲಲ್ಲಿ ಕೂತು ಕಿಟಕಿಯಿಂದ ಕೆಳಗೆ ನೋಡುತ್ತಿತ್ತು. ಆ ಹೆಂಗಸು ಅದನ್ನು ನಗಿಸಲು ಅದರ ಪುಟ್ಟ ಕೈ ಹಿಡಿದು ಮೇಲೆತ್ತಿ ಅಲ್ಲಾಡಿಸಿದಳು.

"ಟಾಟಾ ಮಾಡು. ಅವ್ವಗ ಟಾಟಾ ಮಾಡು."

ರಂಜನಾಳ ಕೈ ತಾನಾಗಿಯೇ ಮೇಲೆದ್ದಿತು. ಅದೂ ಟಾಟಾ ಮಾಡಿತು.